ಕಾರು ಆಮೇಲೆ, ಮೊದಲು ರೂಮು ನೋಡು

ಬೆಂಗಳೂರಿಗೆ ಓದಲು ಬರುತ್ತಿರುವ ಚಿರಂಜೀವಿಗೆ,

ಸೀಟು ಖಾತ್ರಿಯಾದ ಮನೆಗಳಲ್ಲಿ ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪುಗಳ ಮಾತು ಮುಗಿದ ಮೇಲೆ ಈಚೆಗೆ ಕಾರಿನ ಮಾತೂ ಏಳುತ್ತದೆ. ಅಷ್ಟು ದೊಡ್ಡ ಊರಿನಲ್ಲಿ ಮಗು ಹೇಗೆ ಓಡಾಡೀತು ಎಂಬುದು ಅಮ್ಮನ ಚಿಂತೆ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಅಪ್ಪನ ಧೈರ್ಯ. ನಿನಗಂತೂ ಹದಿನೆಂಟು ತುಂಬಿದೆ, ಇಲ್ಲವೇ ತುಂಬುವುದರಲ್ಲಿದೆ. ಆ ವಯಸ್ಸಿಗೆ ಸ್ಟಿಯರಿಂಗು ಹಿಡಿಯುವ ಆಸೆ ಸಹಜ. ಆದರೂ ಕೇಳಿದರೆ ನಾನು ಹೇಳುವುದು ಬೇಡವೆಂದೇ. ಕಾರು ಕೆಟ್ಟದ್ದೆಂದು ಹಾಗೆನ್ನುತ್ತಿಲ್ಲ, ನಿಮ್ಮ ಮನೆಯವರಿಗೆ ಶಕ್ತಿಯಿಲ್ಲವೆಂದೂ ಅಲ್ಲ. ಬೆಂಗಳೂರಿನಲ್ಲಿ ಕಾಲೇಜು ಓದುವವರ ಓಡಾಟದ ಕಷ್ಟ ಬಹುಪಾಲು ಹುಟ್ಟುವುದು ರೂಮನ್ನು ತಪ್ಪು ಜಾಗದಲ್ಲಿ ಹಿಡಿದಾಗ. ಆ ತಪ್ಪನ್ನು ಕಾರು ಕೊಂಡು ತಿದ್ದಲು ಹೋದರೆ ದುಡ್ಡೂ ಹೆಚ್ಚು, ಹೊತ್ತೂ ಹೆಚ್ಚು. ಆ ದುಡ್ಡಿನ ಒಂದು ಸಣ್ಣ ಪಾಲನ್ನು ಕಾಲೇಜಿಗೆ ಹತ್ತಿರ ಇರುವುದಕ್ಕೆ ಖರ್ಚು ಮಾಡಿದರೆ ಓಡಾಟದ ಪ್ರಶ್ನೆಯೇ ಬಹುಮಟ್ಟಿಗೆ ಮುಗಿಯುತ್ತದೆ ಎಂಬುದು ನನ್ನ ವಾದ. ಒಪ್ಪುವುದು ಬಿಡುವುದು ನಿನಗೆ ಸೇರಿದ್ದು. ಕಾರಣಗಳನ್ನು ಮಾತ್ರ ಪೂರ್ತಿ ಕೇಳು.

ಈ ಊರಿನಲ್ಲಿ ಕಾರು ಇಟ್ಟುಕೊಂಡಿರುವ ಒಂದು ಸಾಮಾನ್ಯ ಸಂಸಾರವನ್ನು ಊಹಿಸಿಕೋ. ಗಂಡನ ಆಫೀಸು ವೈಟ್‌ಫೀಲ್ಡಿನಲ್ಲಿ, ಹೆಂಡತಿಯದು ಹೆಬ್ಬಾಳದ ಕಡೆ, ಮಕ್ಕಳ ಶಾಲೆ ಇಂದಿರಾನಗರದಲ್ಲಿ, ವಯಸ್ಸಾದ ತಂದೆಯನ್ನು ಆಗಾಗ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಬಡಾವಣೆಯಲ್ಲಿ ಮನೆ ಮಾಡಿದರೂ ಈ ನಾಲ್ಕರಲ್ಲಿ ಎರಡಾದರೂ ದೂರವೇ ಉಳಿಯುತ್ತವೆ. ಅಂಥವರು ದೂರವನ್ನು ಕಡಿಮೆ ಮಾಡಿಕೊಳ್ಳಲಾರರು, ಹಾಗಾಗಿ ಅದನ್ನು ಸಹಿಸಲು ಕಾರು ಕೊಳ್ಳುತ್ತಾರೆ. ಅವರ ಮಟ್ಟಿಗೆ ಅದು ನ್ಯಾಯವೇ. ನಿನ್ನ ಸ್ಥಿತಿ ಬೇರೆ. ನಾಲ್ಕು ವರ್ಷ ಹೆಚ್ಚುಕಡಿಮೆ ಪ್ರತಿ ದಿನ ನೀನು ಹೋಗಬೇಕಾದ ಜಾಗ ಒಂದೇ. ನಿನ್ನ ಸಾಮಾನು ಎರಡು ಸೂಟ್‌ಕೇಸು, ಒಂದು ಹಾಸಿಗೆ, ಒಂದಷ್ಟು ಪುಸ್ತಕ. ಪಿ.ಜಿ. ಹಿಡಿಸದಿದ್ದರೆ ಒಂದು ಭಾನುವಾರ ಆಟೊ ತರಿಸಿ ಜಾಗ ಬದಲಿಸಬಹುದು. ಮಕ್ಕಳ ಶಾಲೆಯ ಟಿ.ಸಿ.ಯೂ ಬೇಡ, ಗೃಹಸಾಲದ ಕಾಗದವೂ ಬೇಡ. ಒಂದೇ ಒಂದು ಗೇಟನ್ನು ಮನಸ್ಸಿನಲ್ಲಿಟ್ಟುಕೊಂಡು ವಾಸದ ಜಾಗ ಆರಿಸುವ ಸ್ವಾತಂತ್ರ್ಯ ಮನುಷ್ಯನಿಗೆ ಬದುಕಿನಲ್ಲಿ ಮತ್ತೆ ಸುಲಭವಾಗಿ ಸಿಗುವುದಿಲ್ಲ. ಅಂಥ ಕಾಲದಲ್ಲೇ ದೂರ ಹೋಗಿ ಕೂತು, ಆಮೇಲೆ ಆ ದೂರ ದಾಟಲು ಏಳು ಲಕ್ಷದ ಯಂತ್ರ ತರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ದೂರ ದಾಟಲು ಕಾರು ಇಲ್ಲಿ ಎಷ್ಟು ಒದಗುತ್ತದೆ ಎಂಬುದನ್ನೂ ನೋಡಬೇಕು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅದರಲ್ಲಿ ಕಾರುಗಳೇ 20 ಲಕ್ಷಕ್ಕೂ ಮೇಲೆ. ಜಗತ್ತಿನ ನಗರಗಳ ಸಂಚಾರ ವೇಗವನ್ನು ಪ್ರತಿ ವರ್ಷ ಅಳೆಯುವ ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯ 2024ರ ಲೆಕ್ಕದಂತೆ ಇಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಹಿಡಿಯುತ್ತದೆ. ಅಂದರೆ ಗಂಟೆಗೆ ಹದಿನೇಳು-ಹದಿನೆಂಟು ಕಿಲೋಮೀಟರ್. ಇದು ಇಡೀ ದಿನದ ಸರಾಸರಿ ಎಂಬುದನ್ನು ಮರೆಯಬೇಡ. ನಿನ್ನ ಮೊದಲ ಕ್ಲಾಸು ಶುರುವಾಗುವ ಹೊತ್ತು, ಕೊನೆಯ ಲ್ಯಾಬು ಬಿಡುವ ಹೊತ್ತು ಎರಡೂ ಊರೆಲ್ಲ ರಸ್ತೆಗಿಳಿಯುವ ಹೊತ್ತೇ. ಸಿಲ್ಕ್ ಬೋರ್ಡು, ಟಿನ್ ಫ್ಯಾಕ್ಟರಿ, ಗೊರಗುಂಟೆಪಾಳ್ಯ, ಹೆಬ್ಬಾಳದಂಥ ಜಾಗಗಳಲ್ಲಿ ಎಂಟು ಲಕ್ಷದ ಕಾರೂ ಎಂಬತ್ತು ಲಕ್ಷದ ಕಾರೂ ಒಂದೇ ಸಾಲಿನಲ್ಲಿ ತೆವಳುತ್ತವೆ. ಇನ್ನು ಮೆಟ್ರೊ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗಿನ ನೇರಳೆ ಮಾರ್ಗ 43 ಕಿಲೋಮೀಟರಿಗೂ ಹೆಚ್ಚು. ಈ ತುದಿಯಿಂದ ಆ ತುದಿಗೆ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಮೇಲಿನ ಸರಾಸರಿಯಲ್ಲಿ ಕಾರಿಗೆ ಅದೇ ದೂರಕ್ಕೆ ಎರಡೂವರೆ ಗಂಟೆ ಬೇಕು. ನಿಲ್ದಾಣಕ್ಕೆ ನಡೆಯುವ ಹೊತ್ತು, ರೈಲಿಗೆ ಕಾಯುವ ಹೊತ್ತು ಸೇರಿಸಿದರೆ ಅಂತರ ಕಡಿಮೆಯಾಗುತ್ತದೆ, ನಿಜ. ಆದರೆ ರೈಲಿನಲ್ಲಿ ನಿಂತವನ ಕೈ ಖಾಲಿ ಇರುತ್ತದೆ, ಮುಂಜಾನೆಯ ಟೆಸ್ಟಿನ ನೋಟ್ಸ್ ಮೇಲೆ ಕಣ್ಣಾಡಿಸಬಹುದು. ಕ್ಲಚ್ಚಿನ ಮೇಲೆ ಕಾಲಿಟ್ಟು ಮುಂದಿನ ಗಾಡಿಯ ಬ್ರೇಕ್ ಲೈಟು ನೋಡುತ್ತ ಕೂತವನಿಗೆ ಅದೂ ಇಲ್ಲ.

ಈಗ ದುಡ್ಡಿನ ಮಾತು. ಆರು ಲಕ್ಷ ಶೋರೂಮ್ ಬೆಲೆಯ ಒಂದು ಸಾಧಾರಣ ಪೆಟ್ರೋಲ್ ಕಾರನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಕರ್ನಾಟಕದ ಆಜೀವ ರಸ್ತೆ ತೆರಿಗೆ ದೇಶದಲ್ಲೇ ಭಾರಿಯಾದದ್ದು. ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14, ಅಂದರೆ 84 ಸಾವಿರ, ಅದರ ಮೇಲೆ ಸೆಸ್ಸು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಕಟ್ಟಬೇಕು. ಹೀಗೆ ರಸ್ತೆಗಿಳಿಯುವ ಹೊತ್ತಿಗೆ ಆರು ಏಳಾಗಿರುತ್ತದೆ. ಐದು ಲಕ್ಷ ಸಾಲ ಮಾಡಿದರೆ ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 10,400 ರೂಪಾಯಿ. ಕಾಲೇಜು ನಾಲ್ಕು ವರ್ಷ, ಕಂತು ಐದು ವರ್ಷ; ನಿನ್ನ ಡಿಗ್ರಿ ಮುಗಿದರೂ ಕಾರಿನದು ಮುಗಿಯುವುದಿಲ್ಲ. ದಿನಕ್ಕೆ ಹೋಗಿಬರಲು 24 ಕಿಲೋಮೀಟರ್ ಎಂದಿಟ್ಟುಕೋ. ಈ ಟ್ರಾಫಿಕ್ಕಿನಲ್ಲಿ ಲೀಟರಿಗೆ ಹನ್ನೆರಡು ಕೊಟ್ಟರೆ ಎರಡು ಲೀಟರ್. ಪೆಟ್ರೋಲು ನೂರು ರೂಪಾಯಿ ದಾಟಿ ಕಾಲವಾಯಿತು, ಆದ್ದರಿಂದ ತಿಂಗಳಿಗೆ 22 ದಿನಕ್ಕೆ ನಾಲ್ಕೂವರೆ ಸಾವಿರ. ವಿಮೆ, ಸರ್ವಿಸು, ಟೈರು, ಅಲ್ಲಲ್ಲಿ ಪಾರ್ಕಿಂಗ್ ಎಂದು ಇನ್ನೊಂದೆರಡು ಸಾವಿರವಾದರೂ ಹಿಡಿ. ಒಟ್ಟು ತಿಂಗಳಿಗೆ ಹದಿನೇಳು ಸಾವಿರದ ಆಚೀಚೆ. ಊಟ ಸೇರಿದ ಎಷ್ಟೋ ಪಿ.ಜಿ.ಗಳ ಬಾಡಿಗೆ ಅಷ್ಟಿಲ್ಲ. "ಆಸ್ತಿಯಾಗುತ್ತದಲ್ಲ" ಎಂದು ಯಾರಾದರೂ ಅಂದರೆ ವಿಮಾ ಕಂಪನಿಗಳ ಸವಕಳಿ ಪಟ್ಟಿಯನ್ನು ತೋರಿಸು: ಮೊದಲ ವರ್ಷ ತುಂಬುವಷ್ಟರಲ್ಲಿ ಶೇ 15, ನಾಲ್ಕನೆಯ ವರ್ಷಕ್ಕೆ ಶೇ 40 ಕಳೆದೇ ಅವರು ಕಾರಿಗೆ ಬೆಲೆ ಕಟ್ಟುವುದು. ನಿನ್ನ ಕೋರ್ಸು ಮುಗಿಯುವಾಗ ಆರು ಲಕ್ಷದಲ್ಲಿ ಎರಡು ಲಕ್ಷ ನಲವತ್ತು ಸಾವಿರ ನಿಂತಲ್ಲೇ ಕರಗಿರುತ್ತದೆ.

ಅದೇ 24 ಕಿಲೋಮೀಟರಿಗೆ ಮೆಟ್ರೊ ಏನೂ ಅಗ್ಗವಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ಟು 60ರಿಂದ 90 ರೂಪಾಯಿಗೆ ಹೋಯಿತು. ದಿನವೂ ಹೋಗಿಬಂದರೆ ತಿಂಗಳಿಗೆ ಎರಡೂವರೆ ಸಾವಿರ ದಾಟುತ್ತದೆ. ಓದುವವರಿಗೆ ರಿಯಾಯಿತಿ ಕೊಡದೆ ಅಷ್ಟು ವಸೂಲು ಮಾಡುವುದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೂ ಅದು ಕಾರಿನ ಪೆಟ್ರೋಲಿಗಿಂತ ಕಡಿಮೆ. ಬಿಎಂಟಿಸಿಯ ಸಾಮಾನ್ಯ ತಿಂಗಳ ಪಾಸು 2025ರ ಜನವರಿಯ ಏರಿಕೆಯ ಬಳಿಕ 1,200 ರೂಪಾಯಿ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆಯುವ ವಿದ್ಯಾರ್ಥಿ ಪಾಸು ಅದಕ್ಕಿಂತ ಎಷ್ಟೋ ಅಗ್ಗ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಪೂರ್ತಿ ಉಚಿತ. ಆದರೆ ನಾನು ಮೊದಲೇ ಹೇಳಿದ ಹಾಗೆ, 24 ಕಿಲೋಮೀಟರ್ ಓಡಾಡುವುದೇ ಯಾಕೆ? ಕಾಲೇಜಿನ ಹತ್ತಿರದ ರೂಮಿಗೂ ದೂರದ ರೂಮಿಗೂ ಬಾಡಿಗೆಯಲ್ಲಿ ಕೆಲವು ಸಾವಿರದ ಅಂತರವಿದ್ದೀತು. ಆ ಅಂತರ ಕಾರಿನ ಕಂತಿನ ಅರ್ಧಕ್ಕೂ ಬರುವುದು ಅಪರೂಪ.

ಹತ್ತಿರ ಎಂದರೆ ಗೇಟಿನ ಎದುರೇ ಇರಬೇಕೆಂದಲ್ಲ. ಬೆಂಗಳೂರಿನ ನಕ್ಷೆ ಈಗ ಬದಲಾಗಿದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಆರೇಳು ಕಿಲೋಮೀಟರಿನಿಂದ ಶುರುವಾದ ನಮ್ಮ ಮೆಟ್ರೊ, 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದಾಗ ಸುಮಾರು 96 ಕಿಲೋಮೀಟರಿಗೆ ಬೆಳೆಯಿತು. ಜ್ಞಾನಭಾರತಿ, ನ್ಯಾಷನಲ್ ಕಾಲೇಜು, ಸೆಂಟ್ರಲ್ ಕಾಲೇಜು ಎಂದು ನಿಲ್ದಾಣಗಳಿಗೇ ವಿದ್ಯಾಸಂಸ್ಥೆಗಳ ಹೆಸರಿವೆ. ಕೆ.ಆರ್. ಸರ್ಕಲ್ಲಿನ ಯುವಿಸಿಇ ಸೆಂಟ್ರಲ್ ಕಾಲೇಜು ನಿಲ್ದಾಣದಿಂದ ನಡೆದುಹೋಗುವ ದೂರ. ಹಾಗಿರುವಾಗ ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವವರು ನಾಗರಬಾವಿಯಲ್ಲೇ ಇರಬೇಕಿಲ್ಲ. ವಿಜಯನಗರದಲ್ಲೋ ಅತ್ತಿಗುಪ್ಪೆಯಲ್ಲೋ ಮೆಟ್ರೊ ಮೆಟ್ಟಿಲಿನ ಹತ್ತಿರ ರೂಮು ಹಿಡಿದರೂ ಸಾಕು. ಗೆಳೆಯರೆಲ್ಲ ಕೋರಮಂಗಲದಲ್ಲಿದ್ದಾರೆ, ಅಲ್ಲಿನ ಕೆಫೆಗಳು ಚೆನ್ನಾಗಿವೆ ಎಂದು ಅಲ್ಲಿ ರೂಮು ಮಾಡಿ ಮೈಸೂರು ರಸ್ತೆಯ ಕಾಲೇಜಿಗೆ ದಿನವೂ ಬಂದು ಹೋಗುವ ಹುಡುಗನಿಗೆ ಕಾರು ಬೇಕೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಅವನಿಗೆ ನಿಜವಾಗಿ ಬೇಕಾದದ್ದು ಕೆಂಗೇರಿ ಕಡೆಯ ಒಂದು ರೂಮು. ಕೆಫೆಗೆ ಶನಿವಾರ ಹೋದರಾಯಿತು.

ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಪಾರ್ಕಿಂಗ್ ವಿಷಯದಲ್ಲಿ 2005ರಲ್ಲಿ ದೊಡ್ಡ ಗ್ರಂಥ ಬರೆದ ಅಮೆರಿಕದ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು, ಸಾಮಾನ್ಯ ಕಾರು ತನ್ನ ಆಯುಸ್ಸಿನ ನೂರಕ್ಕೆ ತೊಂಬತ್ತೈದು ಪಾಲನ್ನು ನಿಂತೇ ಕಳೆಯುತ್ತದೆಂದು ತೋರಿಸಿದರು. ನಿನ್ನದು ಎಲ್ಲಿ ನಿಂತೀತು? ಎಷ್ಟೋ ಕಾಲೇಜುಗಳು ವಿದ್ಯಾರ್ಥಿಗಳ ಕಾರನ್ನು ಗೇಟಿನೊಳಗೆ ಬಿಡುವುದಿಲ್ಲ. ಪಿ.ಜಿ.ಗಳ ಮುಂದೆ ಸ್ಕೂಟರ್ ನಿಲ್ಲಿಸುವುದಕ್ಕೇ ಪೈಪೋಟಿ. ಒಂದು ಕಾರು ನಿಲ್ಲಲು ಹತ್ತು-ಹನ್ನೆರಡು ಚದರ ಮೀಟರ್ ಜಾಗ ಬೇಕು, ಇಬ್ಬರು ವಿದ್ಯಾರ್ಥಿಗಳು ಮಂಚ ಹಾಕಿಕೊಂಡು ಮಲಗುವ ರೂಮೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ! ಆ ರೂಮಿಗೆ ಬಾಡಿಗೆ ಕೊಡುತ್ತೀಯ, ಕಾರಿಗೆ ಮಾತ್ರ ರಸ್ತೆಯಲ್ಲಿ ಪುಕ್ಕಟೆ ಜಾಗ ಬೇಕೆನ್ನುತ್ತೀಯ. ಹಾಗೆ ಅಡ್ಡರಸ್ತೆಯಲ್ಲಿ ನಿಲ್ಲಿಸಿದ ಕಾರಿನ ಮೇಲೆ ರಾತ್ರಿಯೆಲ್ಲ ಗೀರು ಬೀಳುವ ಭಯ, ಬೆಳಿಗ್ಗೆ ಎದುರು ಮನೆಯವರ ಜಗಳ. ಜಪಾನಿನಲ್ಲಿ 1962ರಿಂದಲೂ ನಿಲ್ಲಿಸಲು ಸ್ವಂತ ಜಾಗವಿದೆ ಎಂದು ತೋರಿಸದೆ ಕಾರು ನೋಂದಾಯಿಸಲಾಗದು. ನಮ್ಮಲ್ಲಿ ಅಂಥ ನಿಯಮ ಜಾರಿಯಲ್ಲಿದ್ದಿದ್ದರೆ ನಾನು ಈ ಪತ್ರ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ನಿನ್ನ ಕಡೆಯಿಂದ ಬರುವ ಮಾತುಗಳಿಗೂ ಉತ್ತರ ಕೊಡಬೇಕು. ಕಾಲೇಜು ಊರ ಹೊರಗಿದ್ದರೆ ಎಂಬುದು ಮೊದಲನೆಯದು. ರಾಜಾನುಕುಂಟೆ, ಸೋಲದೇವನಹಳ್ಳಿ, ಯಲಹಂಕದ ಆಚೆ, ಆನೇಕಲ್ಲಿನ ಕಡೆ ದೊಡ್ಡ ದೊಡ್ಡ ಕ್ಯಾಂಪಸ್ಸುಗಳಿವೆ, ಅಲ್ಲಿಗೆ ಮೆಟ್ರೊ ಇಲ್ಲ. 148 ಕಿಲೋಮೀಟರಿನ ಉಪನಗರ ರೈಲಿಗೆ 2022ರಲ್ಲಿ ಶಂಕುಸ್ಥಾಪನೆಯಾದರೂ ಅದನ್ನು ನಂಬಿಕೊಂಡು ನೀನು ಕಾಲೇಜು ಮುಗಿಸಲಾಗದು. ಆದರೆ ಊರ ಹೊರಗಿನ ಕ್ಯಾಂಪಸ್ಸಿನ ಸುತ್ತ ಬಾಡಿಗೆಯೂ ಊರೊಳಗಿನಷ್ಟು ಇರುವುದಿಲ್ಲ, ಹಾಸ್ಟೆಲ್ಲುಗಳಿರುತ್ತವೆ, ಕಾಲೇಜಿನ ಬಸ್ಸುಗಳು ಊರಿನ ಮೂಲೆಮೂಲೆಗೆ ಹೋಗುತ್ತವೆ. ದೂರದ ಕಾಲೇಜು ಹತ್ತಿರದ ರೂಮಿಗೆ ಇನ್ನೂ ದೊಡ್ಡ ಕಾರಣ. ಕಷ್ಟವಿರುವುದು ಬೆಂಗಳೂರಿನಲ್ಲೇ ಅಪ್ಪ ಅಮ್ಮನ ಜೊತೆ ಇದ್ದು ಓದುವವರಿಗೆ. ಅವರು ಮನೆ ಬದಲಿಸುವಂತಿಲ್ಲ. ವಿದ್ಯಾರಣ್ಯಪುರದ ಮನೆಯಿಂದ ಕನಕಪುರ ರಸ್ತೆಯ ಕಾಲೇಜಿಗೆ ನಾಲ್ಕು ವರ್ಷ ಅಲೆಯುವುದು ಯಾರಿಗೂ ಬೇಡ. ಅಂಥವರಿಗೆ ನನ್ನ ಸಲಹೆ ಒಂದು ಹೆಜ್ಜೆ ಹಿಂದಿನದು: ಸಿಇಟಿಯ ಆಪ್ಷನ್ ಎಂಟ್ರಿ ಮಾಡುವಾಗಲೇ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಒಂದೇ ದರ್ಜೆಯ ಎರಡು ಕಾಲೇಜುಗಳಿದ್ದರೆ ದಿನಕ್ಕೆ ಎರಡು ಗಂಟೆ ಉಳಿಸುವುದನ್ನು ಮೇಲೆ ಹಾಕಲಿ.

ಎರಡನೆಯದು ಅಮ್ಮನ ಭಯ, ರಾತ್ರಿಯದು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ರಾತ್ರಿ ಹನ್ನೊಂದರ ಸುಮಾರಿಗೆ ಮೆಟ್ರೊ ನಿಲ್ಲುತ್ತದೆ, ಬಸ್ಸು ಅದಕ್ಕೂ ಮೊದಲೇ ವಿರಳ. ಆಗ ಉಳಿಯುವುದು ಆಟೊ, ಕ್ಯಾಬು. 2025ರ ಆಗಸ್ಟಿನಿಂದ ಆಟೊದ ಕನಿಷ್ಠ ದರ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರ ನಂತರ ಒಂದೂವರೆ ಪಟ್ಟು. ಹನ್ನೆರಡು ಕಿಲೋಮೀಟರಿಗೆ ರಾತ್ರಿ ಮೀಟರ್ ಪ್ರಕಾರ 324 ರೂಪಾಯಿ. ಮೀಟರ್ ಎಂದ ಕೂಡಲೇ ಮುಖ ತಿರುಗಿಸುವ ಆಟೊದವರು ಎಷ್ಟು ಮಂದಿ ಎಂಬುದು ಬೆಂಗಳೂರಿಗೆಲ್ಲ ಗೊತ್ತು. ಹೋಗಲಿ, ಎರಡರಷ್ಟು ಕೊಟ್ಟೆ ಎಂದಿಟ್ಟುಕೋ. ತಿಂಗಳಿಗೆ ಹತ್ತು ರಾತ್ರಿ ಹೀಗೆ ಬಂದರೂ ಆರೂವರೆ ಸಾವಿರ, ಕಾರಿನ ಕಂತಿಗಿಂತ ಕಡಿಮೆ. ಇನ್ನು ಸುರಕ್ಷತೆ. ನಡುರಾತ್ರಿ ನಿರ್ಜನ ರಸ್ತೆಯಲ್ಲಿ ಕೆಟ್ಟು ನಿಂತ ಕಾರಿನಲ್ಲಿ ಒಬ್ಬಳೇ ಇರುವುದು ಆಟೊಕ್ಕಿಂತ ಹೇಗೆ ಸುರಕ್ಷಿತ ಎಂಬುದು ನನಗೆ ಸ್ಪಷ್ಟವಾಗಿಲ್ಲ. ಗೇಟಿನಿಂದ ಹತ್ತು ನಿಮಿಷದ ರೂಮಿನಲ್ಲಿರುವ ಹುಡುಗಿ ಲೈಬ್ರರಿ ಮುಚ್ಚಿದ ಮೇಲೆ ಗೆಳತಿಯರ ಜೊತೆ ನಡೆದೇ ಹೋಗಬಹುದು. ಅಮ್ಮನಿಗೆ ಅದಕ್ಕಿಂತ ದೊಡ್ಡ ಸಮಾಧಾನವನ್ನು ಕಾರು ಕೊಡಲಾರದು.

"ಹಾಗಾದರೆ ಸ್ಕೂಟರಾದರೂ ಕೊಡಿಸಿ" ಎಂದು ನೀನು ಕೇಳಬಹುದು. ಇಲ್ಲಿ ನಾನು ಕಾರಿನ ಪರವಾಗಿಯೇ ಒಂದು ಮಾತು ಹೇಳಬೇಕಾಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಸುತ್ತ ತಗಡಿನ ಕವಚವಿರುವ ಕಾರು ಸ್ಕೂಟರಿಗಿಂತ ಸುರಕ್ಷಿತ ಎಂಬುದರಲ್ಲಿ ಅನುಮಾನವೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ, ದುಡ್ಡು ಇದ್ದರೆ, ಕಾರೇ ಸರಿ. ಆದರೆ ಆಯ್ಕೆ ಆ ಎರಡರ ನಡುವೆ ಮಾತ್ರ ಇಲ್ಲ. ಸತ್ತವರಲ್ಲಿ ಬಸ್ಸಿನೊಳಗಿದ್ದವರ ಪಾಲು ತೀರ ಸಣ್ಣದು. ಕೊಡಿಸುವ ದೊಡ್ಡವರಿಗೂ ಇಲ್ಲಿ ಒಂದು ಎಚ್ಚರಿಕೆ: ಪಿಯುಸಿ ಮುಗಿಸಿ ಬರುವ ಎಷ್ಟೋ ಮಕ್ಕಳಿಗೆ ಇನ್ನೂ ಹದಿನೇಳು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಎಂಬ ವಾದ ಇದಕ್ಕಿಂತ ಗಟ್ಟಿಯಾದದ್ದು. ಎರಡು ಲಕ್ಷಕ್ಕೆ ಕೊಂಡರೆ ಕಂತು ಇಲ್ಲ, ಸವಕಳಿಯ ದೊಡ್ಡ ಪಾಲನ್ನು ಮೊದಲ ಮಾಲೀಕ ತಿಂದಿರುತ್ತಾನೆ. ಒಪ್ಪಿದೆ. ಆದರೆ ಪೆಟ್ರೋಲು, ಪಾರ್ಕಿಂಗು, ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತು ಇವು ಯಾವುವೂ ಸೆಕೆಂಡ್ ಹ್ಯಾಂಡ್ ಆಗಿ ಬರುವುದಿಲ್ಲ, ಗ್ಯಾರೇಜಿನ ಖರ್ಚಂತೂ ಹೊಸದಕ್ಕಿಂತ ಹೆಚ್ಚು. ನಾಲ್ವರು ಗೆಳೆಯರು ಕೂಡಿ ಒಂದೇ ಕಾರಿನಲ್ಲಿ ಹೋಗುವುದು ಲೆಕ್ಕಕ್ಕೆ ಚೆನ್ನಾಗಿ ಕಾಣುತ್ತದೆ, ಲ್ಯಾಬ್ ಬ್ಯಾಚು ಬೇರೆಬೇರೆಯಾದ ದಿನ ಕೆಡುತ್ತದೆ. ಹಬ್ಬಕ್ಕೆ ಹಾಸನಕ್ಕೋ ಶಿವಮೊಗ್ಗಕ್ಕೋ ಹೋಗಲು ಕೆಎಸ್‌ಆರ್‌ಟಿಸಿ ಇದೆ, ರೈಲಿದೆ. ಪರೀಕ್ಷೆ ಮುಗಿಸಿದ ನಿದ್ದೆಗಣ್ಣಿನಲ್ಲಿ ನೀನು ಹೆದ್ದಾರಿಯಲ್ಲಿ ಬರುತ್ತಿದ್ದೀ ಎಂದರೆ ಮನೆಯವರು ಮಲಗುವುದಿಲ್ಲ. ಕ್ಯಾಂಪಸ್ಸಿನಲ್ಲಿ ಕಾರಿಗೆ ಸಿಗುವ ಮರ್ಯಾದೆಯ ಬಗ್ಗೆ ನಾನು ವಾದ ಮಾಡುವುದಿಲ್ಲ. ಅದು ಸಿಗುತ್ತದೆ, ಸುಮಾರು ಒಂದು ಸೆಮಿಸ್ಟರ್.

ನನ್ನ ಮಾತು ಅನ್ವಯಿಸದವರೂ ಇದ್ದಾರೆ. ನಡೆಯಲು, ಮೆಟ್ಟಿಲು ಹತ್ತಲು ಕಷ್ಟವಿರುವ ವಿದ್ಯಾರ್ಥಿಗೆ ತನಗೆ ಹೊಂದುವ ಹಾಗೆ ಮಾರ್ಪಡಿಸಿದ ಕಾರು ಅವಶ್ಯಕ. ಕಿಕ್ಕಿರಿದ ಬಸ್ಸು, ಒಡೆದ ಫುಟ್‌ಪಾತುಗಳ ಈ ಊರು ಅವರನ್ನು ಇನ್ನೂ ಗಮನಿಸಿಲ್ಲ. ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ಓದುವವರಿಗೂ, ಓದಿನ ಜೊತೆ ಮನೆಯ ವ್ಯಾಪಾರ ನೋಡಿಕೊಳ್ಳುವವರಿಗೂ ಕಾರು ಬೇಕಾದೀತು. ಅವರು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಹಾಗೆಯೇ ಕಾರು ಓಡಿಸುವುದನ್ನು ನೀನು ಕಲಿಯಬಾರದೆಂದು ನಾನು ಹೇಳುತ್ತಿಲ್ಲ. ಹದಿನೆಂಟು ತುಂಬಿದ ಕೂಡಲೇ ರಜೆಯಲ್ಲಿ ಒಳ್ಳೆಯ ಡ್ರೈವಿಂಗ್ ಶಾಲೆಗೆ ಸೇರಿ ಲೈಸೆನ್ಸು ಮಾಡಿಸಿಕೋ. ಗೆಳೆಯರ ಜೊತೆ ಸಕಲೇಶಪುರಕ್ಕೆ ಹೋಗಬೇಕೆನಿಸಿದಾಗ ಬಾಡಿಗೆ ಕಾರು ಸಿಗುತ್ತದೆ. ಕೆಲಸಕ್ಕೆ ಸೇರಿ, ಮನೆ ಮಾಡಿ, ಓಡಾಡುವ ಜಾಗಗಳು ಎರಡು ಮೂರಾದಾಗ ನಿನ್ನ ಸಂಬಳದಲ್ಲೇ ನಿನಗೆ ಬೇಕಾದ ಕಾರು ಕೊಂಡುಕೋ.

ಈಗ ಮಾಡಬೇಕಾದ ಕೆಲಸ ಒಂದಿದೆ. ಪಿ.ಜಿ.ಗೆ ಅಡ್ವಾನ್ಸು ಕೊಡುವ ಮೊದಲು, ಭಾನುವಾರ ಅಪ್ಪನ ಜೊತೆ ಹೋಗಿ ನೋಡಿ ಬಂದರೆ ಸಾಲದು. ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆ ಮನೆಯ ಬಾಗಿಲಿನಿಂದ ಹೊರಟು ಕಾಲೇಜಿನ ಗೇಟಿನವರೆಗೆ, ನಡೆದೋ ಬಸ್ಸಿನಲ್ಲೋ ಮೆಟ್ರೊದಲ್ಲೋ, ಹೋಗಿ ನೋಡು. ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ ಆ ರೂಮು ಬಿಟ್ಟು ಬೇರೆಯದನ್ನು ಹುಡುಕು.

ಇಂತು,
ನಿನ್ನ ಹಿತೈಷಿ